ಮೊದಲ ವರ್ಷದ ಬಯಾಲಜಿಗೆ ನಾವೇ ನಡೆಸುವ ಓದುವ ಗುಂಪು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಅಡ್ಮಿಷನ್ ಮುಗಿದು ತಿಂಗಳಾಗುವಷ್ಟರಲ್ಲಿ ಜೂನಿಯರ್‌ಗಳು ಬಂದು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕ್ಯಾಂಟೀನ್ ಮೆಟ್ಟಿಲ ಮೇಲೆ ನಿಂತು ಅದೇ ಉತ್ತರ ಹತ್ತು ಸಲ ಹೇಳಿ ಸಾಕಾಗಿದೆ. ಅದಕ್ಕೆ ಬರೆದಿಡುತ್ತಿದ್ದೇನೆ. ನಾನು ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬಾಟನಿ, ಝುವಾಲಜಿ, ಕೆಮಿಸ್ಟ್ರಿ ಓದಿದವಳು. ಮೊದಲ ವರ್ಷ ಇಂಥ ಗುಂಪಿನಲ್ಲಿ ಕೂತು ಓದಿದೆ. ಆಮೇಲೆ ಎರಡು ವರ್ಷ ಗುಂಪು ನಡೆಸಿದೆ. ಈಗ ಎಂಎಸ್ಸಿ ಮಾಡುತ್ತಿದ್ದೇನೆ. ಒಂದು ಗುಂಪು ಚೆನ್ನಾಗಿ ನಡೆಯಿತು, ಇನ್ನೊಂದು ಆರೇ ವಾರಕ್ಕೆ ಮುರಿದುಬಿತ್ತು. ಎರಡರಿಂದಲೂ ಕಲಿತದ್ದು ಇಲ್ಲಿದೆ.

ಇದು ಟ್ಯೂಷನ್ ಥರಾನಾ?

ಅಲ್ಲ. ಟ್ಯೂಷನ್‌ನಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ. ಇಲ್ಲಿ ಕೂತವರೇ ಹೇಳಬೇಕು. ಆರೇಳು ಜನ ಮೊದಲ ವರ್ಷದವರು, ಜೊತೆಗೆ ಅದೇ ಪಾಠ ಹೋದ ವರ್ಷ ಓದಿ ಪಾಸಾದ ಒಬ್ಬ ಸೀನಿಯರ್. ವಾರಕ್ಕೊಂದು ಸಲ, ಒಂದೂವರೆ ಗಂಟೆ. ಬೋರ್ಡ್ ಮೇಲೆ ಬರೆಯುವುದು, ಅಳಿಸುವುದು, ಜಗಳ ಆಡುವುದು ಎಲ್ಲ ಜೂನಿಯರ್‌ಗಳೇ. ಸೀನಿಯರ್ ಉತ್ತರ ಹೇಳುವುದಿಲ್ಲ.

ಈ ಕೊನೆಯ ಮಾತು ಕೇಳಿದಾಗ ಎಲ್ಲರ ಮುಖ ಸಪ್ಪಗಾಗುತ್ತದೆ.

ಉತ್ತರ ಹೇಳದ ಮೇಲೆ ಸೀನಿಯರ್ ಯಾಕೆ ಬೇಕು?

ಒಂದು ಶನಿವಾರ ನಡೆದದ್ದನ್ನು ಹೇಳುತ್ತೇನೆ. ಈರುಳ್ಳಿ ಬೇರಿನ ಪ್ರಾಕ್ಟಿಕಲ್ ಆಗ ತಾನೇ ಮುಗಿದಿತ್ತು. ನೀರಿನ ಲೋಟದ ಮೇಲೆ ಈರುಳ್ಳಿ ಕೂರಿಸಿ, ಎರಡು ಮೂರು ದಿನಕ್ಕೆ ಬಂದ ಬಿಳಿ ಬೇರಿನ ತುದಿ ಕತ್ತರಿಸಿ, ಆಸಿಡ್‌ನಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ, ಕವರ್‌ಸ್ಲಿಪ್ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡುವ ಪ್ರಾಕ್ಟಿಕಲ್. ನಾನು ಬೋರ್ಡ್ ಮೇಲೆ ಒಂದೇ ಪ್ರಶ್ನೆ ಬರೆದೆ. ಈರುಳ್ಳಿ ಕೋಶದಲ್ಲಿ 16 ಕ್ರೋಮೋಸೋಮ್. ಕೋಶ ವಿಭಜನೆಗೆ ಮೊದಲಿನ ಎಸ್ ಹಂತದಲ್ಲಿ ಡಿಎನ್‌ಎ ದುಪ್ಪಟ್ಟಾಯಿತು. ಈಗ ಅದರ ನಂತರದ ಜಿ2 ಹಂತದಲ್ಲಿ ಎಷ್ಟು ಕ್ರೋಮೋಸೋಮ್ ಇವೆ?

ನಾಲ್ಕು ಜನ 32 ಅಂದರು. ಇಬ್ಬರು 16 ಅಂದರು. ಒಬ್ಬಳು ಸುಮ್ಮನೆ ಕೂತಿದ್ದಳು.

ಇಲ್ಲಿ ನಾನು "16 ಸರಿ" ಅಂದಿದ್ದರೆ ಎಲ್ಲರೂ ಬರೆದುಕೊಂಡು ಮುಂದೆ ಹೋಗುತ್ತಿದ್ದರು. ಇಂಟರ್ನಲ್ಸ್‌ನಲ್ಲಿ ಮತ್ತೆ 32 ಬರೆಯುತ್ತಿದ್ದರು. ಅದರ ಬದಲು, "ನೀವು ಯಾವುದನ್ನು ಒಂದು ಅಂತ ಎಣಿಸ್ತಿದ್ದೀರಿ?" ಅಂತ ಕೇಳಿದೆ.

"ಡಬಲ್ ಆಯ್ತಲ್ಲ ಅಕ್ಕಾ, 32 ಆಗಲೇಬೇಕು."

"ಡಬಲ್ ಆಗಿದ್ದು ಏನು?"

"ಡಿಎನ್‌ಎ."

"ಡಿಎನ್‌ಎ ಡಬಲ್ ಆದ್ರೆ ಕ್ರೋಮೋಸೋಮೂ ಡಬಲ್ ಅಲ್ವೇನೋ?" ಇದು ಪಕ್ಕದವನ ಮಾತು.

"ಇಲ್ಲ ಕಣೋ, ಎರಡೂ ಇನ್ನೂ ಅಂಟ್ಕೊಂಡೇ ಇವೆ. ಸೆಂಟ್ರೋಮಿಯರ್ ಹತ್ರ ಕಟ್ಟಿದ ಹಾಗೆ."

ಸುಮ್ಮನಿದ್ದ ಹುಡುಗಿ ಎದ್ದಳು. ಎರಡು ಪೆನ್ನು ತೆಗೆದು ತನ್ನ ಜಡೆಯ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಬೆಂಚಿನ ಮೇಲಿಟ್ಟಳು. "ಇದು ಒಂದಾ, ಎರಡಾ?" ಅಂದಳು. ಕಟ್ಟು ಬಿಚ್ಚುವವರೆಗೂ ಒಂದು, ಬಿಚ್ಚಿದ ಮೇಲೆ ಎರಡು ಅಂತ ಅವರವರೇ ತೀರ್ಮಾನ ಮಾಡಿದರು. ಆಗ 32 ಅಂದಿದ್ದ ಹುಡುಗ, "ಹಾಗಾದ್ರೆ ಅನಾಫೇಸ್‌ನಲ್ಲಿ ಸ್ವಲ್ಪ ಹೊತ್ತು 32 ಇರುತ್ತೆ ತಾನೇ?" ಅಂದ. ಇರುತ್ತದೆ. ಅವನ 32 ಪೂರ್ತಿ ತಪ್ಪಲ್ಲ, ಜಾಗ ತಪ್ಪಿತ್ತು ಅಷ್ಟೇ. ಇದನ್ನು ನಾನು ಹೇಳಿಕೊಟ್ಟಿದ್ದರೆ ನನಗೇ ಹೊಳೆಯುತ್ತಿರಲಿಲ್ಲವೇನೋ.

ಇಪ್ಪತ್ತೈದು ನಿಮಿಷ ಹಿಡಿಯಿತು. ಮುಂದಿನ ವಾರ ಮಿಯೋಸಿಸ್‌ಗೆ, ಅಂದರೆ ಕ್ರೋಮೋಸೋಮ್ ಸಂಖ್ಯೆ ಅರ್ಧವಾಗುವ ವಿಭಜನೆಗೆ, ಹೋದಾಗ ಅದೇ ಪೆನ್ನುಗಳು ಕೆಲಸಕ್ಕೆ ಬಂದವು. ಮಿಯೋಸಿಸ್ ಒಂದರಲ್ಲಿ ಕಟ್ಟು ಬಿಚ್ಚದೆ ಜೋಡಿಗಳು ಬೇರೆಯಾಗುತ್ತವೆ, ಹಾಗಾಗಿ 8 ಕ್ರೋಮೋಸೋಮ್, ಪ್ರತಿಯೊಂದರಲ್ಲೂ ಇನ್ನೂ ಎರಡೆರಡು ಕ್ರೊಮ್ಯಾಟಿಡ್, ಅಂದರೆ ಕಟ್ಟಿನೊಳಗಿನ ಒಂದೊಂದು ಪೆನ್ನು. ಎರಡನೆಯದರಲ್ಲಿ ಕಟ್ಟು ಬಿಚ್ಚುತ್ತದೆ. ಇಷ್ಟು ಹೇಳುವುದಕ್ಕೆ ಯಾರಿಗೂ ನೋಟ್ಸ್ ಬೇಕಾಗಲಿಲ್ಲ.

ಸೀನಿಯರ್ ಬೇಕಾಗಿರುವುದು ಇಂಥ ಪ್ರಶ್ನೆ ಆರಿಸುವುದಕ್ಕೆ, ಮತ್ತು ಬಾಯಿ ತುರಿಸುತ್ತಿದ್ದರೂ ಮುಚ್ಚಿಕೊಂಡಿರುವುದಕ್ಕೆ. ಎರಡನೆಯದೇ ಕಷ್ಟ.

ಯಾರಿಗೂ ಗೊತ್ತಿಲ್ಲದಿದ್ದರೆ? ಎಲ್ಲರೂ ಸೇರಿ ತಪ್ಪೇ ಕಲಿತುಬಿಟ್ಟರೆ?

ನನಗೂ ಇದೇ ಭಯ ಇತ್ತು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಡಿಗ್ರಿ ಹುಡುಗರ ಜೆನೆಟಿಕ್ಸ್ ಕ್ಲಾಸ್. ಒಂದು ಪ್ರಶ್ನೆ ಕೊಟ್ಟು, ಮೊದಲು ಒಬ್ಬೊಬ್ಬರೇ ಕ್ಲಿಕ್ಕರ್ ಗುಂಡಿಯಲ್ಲಿ ಉತ್ತರ ಒತ್ತಬೇಕು. ಆಮೇಲೆ ಅಕ್ಕಪಕ್ಕದವರ ಜೊತೆ ಮಾತಾಡಿ ಮತ್ತೆ ಒತ್ತಬೇಕು. ಕೂಡಲೇ ಅದೇ ವಿಷಯದ, ಆದರೆ ಬೇರೆ ರೂಪದ ಎರಡನೇ ಪ್ರಶ್ನೆ ಬರುತ್ತದೆ. ಅದಕ್ಕೆ ಒಬ್ಬರೇ ಉತ್ತರಿಸಬೇಕು. ಬುದ್ಧಿವಂತರನ್ನು ನೋಡಿ ಕಾಪಿ ಹೊಡೆದಿದ್ದರೆ ಎರಡನೆಯದರಲ್ಲಿ ಸಿಕ್ಕಿಬೀಳಬೇಕಿತ್ತು. ಹಾಗಾಗಲಿಲ್ಲ. ಗುಂಪಿನಲ್ಲಿ ಮೊದಲು ಯಾರಿಗೂ ಸರಿಯುತ್ತರ ಗೊತ್ತಿರದಿದ್ದಾಗಲೂ ಮಾತಾಡಿದ ಮೇಲೆ ಉತ್ತರಗಳು ಸುಧಾರಿಸಿದವು. 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಬಂತು.

ಹಾಗಂತ ಎಲ್ಲ ಗಂಟೂ ಮಾತಿನಿಂದಲೇ ಬಿಚ್ಚುವುದಿಲ್ಲ. ನಾವು ಒಂದು ಹಳೇ ನೋಟ್‌ಬುಕ್‌ಗೆ ಬಾಕಿ ಪುಸ್ತಕ ಅಂತ ಹೆಸರಿಟ್ಟಿದ್ದೆವು, ಅಂಗಡಿ ಲೆಕ್ಕದ ಹಾಗೆ. ಇತ್ಯರ್ಥ ಆಗದ ಪ್ರಶ್ನೆ ಅದರಲ್ಲಿ ಬರೆಯುವುದು. ಸೋಮವಾರ ಮೇಡಂ ಹತ್ತಿರ ಹೋಗುವುದು ಒಬ್ಬರ ಸರದಿ. ಮೇಡಂ ಪುಸ್ತಕ ನೋಡಿ ಒಂದು ಸಲ, "ಇದು ನಂಗೂ ಓದಿ ಹೇಳಬೇಕು, ನಾಳೆ ಬಾ" ಅಂದಿದ್ದರು. ಆ ದಿನ ನಮ್ಮ ಹುಡುಗರ ನಡಿಗೆಯೇ ಬೇರೆ ಇತ್ತು.

ಇದು ಯಾರು ಶುರು ಮಾಡಿದ್ದು?

ಸೇರಿ ಓದುವುದು ಹೊಸದೇನಲ್ಲ, ನಮ್ಮ ಹಾಸ್ಟೆಲ್‌ಗಳಲ್ಲಿ ಯಾವಾಗಲೂ ಇತ್ತು. ಕಾಲೇಜೇ ಸೀನಿಯರ್‌ಗೆ ತರಬೇತಿ ಕೊಟ್ಟು ನಡೆಸುವ ಪದ್ಧತಿ ಮಾತ್ರ ಅಮೆರಿಕದ್ದು. 1973ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್‌ನಲ್ಲಿ ಡೀಯಾನಾ ಮಾರ್ಟಿನ್ ಒಂದು ಬಗೆ ಶುರು ಮಾಡಿದರು. ಅದರಲ್ಲಿ ಒಂದು ಜಾಣತನ ಇತ್ತು. ದಡ್ಡರನ್ನು ಹುಡುಕಿ ಕರೆಯಲಿಲ್ಲ. ಜಾಸ್ತಿ ಜನ ಫೇಲಾಗುವ ಕೋರ್ಸ್ ಹುಡುಕಿ, ಆ ಕೋರ್ಸಿನ ಎಲ್ಲರಿಗೂ ಬಾಗಿಲು ತೆರೆದರು. ಹೋದರೆ ಮರ್ಯಾದೆ ಕಡಿಮೆ ಅನ್ನುವ ಮಾತೇ ಇಲ್ಲ. 1990ರ ದಶಕದ ಮೊದಲಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಕೆಮಿಸ್ಟ್ರಿಗೆ ಇನ್ನೊಂದು ಬಗೆ ಬಂತು. ಚಿಕ್ಕ ಗುಂಪು, ಒಬ್ಬ ವಿದ್ಯಾರ್ಥಿ ಲೀಡರ್, ವಾರಕ್ಕೊಮ್ಮೆ ಸೇರಿ ಲೆಕ್ಕ ಬಿಡಿಸುವುದು. ಆಮೇಲೆ ಅದು ಬಯಾಲಜಿಗೂ ಹರಡಿತು. ನಾವು ಮಾಡುತ್ತಿರುವುದು ಈ ಎರಡನೆಯದರ ಬಡ ತಂಗಿ.

ಎಷ್ಟು ಜನ ಇರಬೇಕು?

ಆರರಿಂದ ಎಂಟು. ಮೂವರಿದ್ದರೆ ಒಬ್ಬರು ಊರಿಗೆ ಹೋದ ವಾರ ಗುಂಪೇ ಇಲ್ಲ. ಹತ್ತು ದಾಟಿದರೆ ಹಿಂದಿನ ಬೆಂಚು ತಾನಾಗಿಯೇ ಹುಟ್ಟುತ್ತದೆ. ಮುರಿದುಬಿದ್ದ ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ ಇದ್ದರು. ಬರುತ್ತೇನೆ ಅಂದವರಿಗೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ನಾಲ್ಕನೇ ವಾರಕ್ಕೆ ನಾನು ಬೋರ್ಡ್ ಮುಂದೆ ನಿಂತು ಪಾಠ ಮಾಡುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಆರನೇ ವಾರಕ್ಕೆ "ಅಕ್ಕಾ, ಪಿಡಿಎಫ್ ಕಳಿಸಿಬಿಡಿ, ಬರೋಕಾಗಲ್ಲ" ಅಂತ ಮೆಸೇಜ್ ಬಂತು. ತಪ್ಪು ನನ್ನದೇ.

ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ನಾನು ಬಂದರೆ ನಡೆಯುತ್ತಾ?

ನಡೆಯುತ್ತದೆ. ನಾನೂ ಶಿರಾ ಕಡೆಯ ಸರ್ಕಾರಿ ಶಾಲೆಯವಳು. ಮೊದಲ ಇಂಟರ್ನಲ್ಸ್‌ನಲ್ಲಿ ಆಸ್ಮೋಸಿಸ್ (ನೀರು ಕೋಶದ ಪೊರೆ ದಾಟಿ ಸಾಗುವುದು) ಬಗ್ಗೆ ಐದು ಮಾರ್ಕಿನ ಪ್ರಶ್ನೆಗೆ ಮೂರು ಸಾಲು ಬರೆದು ಸುಮ್ಮನೆ ಕೂತವಳು. ವಿಷಯ ಗೊತ್ತಿತ್ತು, ವಾಕ್ಯ ಬರಲಿಲ್ಲ.

ಗುಂಪಿನಲ್ಲಿ ಆ ಪಾಠ ಬಂದಾಗ ಲೀಡರ್ ಅಣ್ಣ, "ಪುಸ್ತಕ ಮುಚ್ಚು, ಮನೇಲಿ ನೋಡಿರೋದು ಹೇಳು" ಅಂದ. ಅಜ್ಜಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿ ಕಲ್ಲುಪ್ಪು ಬೆರೆಸಿ ಜಾಡಿಯಲ್ಲಿಡುತ್ತಿದ್ದಳು. ಒಂದು ತೊಟ್ಟು ನೀರು ಹಾಕುತ್ತಿರಲಿಲ್ಲ, ಆದರೆ ಮಾರನೆಯ ದಿನ ಹೋಳುಗಳು ನೀರಿನಲ್ಲಿರುತ್ತಿದ್ದವು. ಆ ನೀರು ಎಲ್ಲಿಂದ ಬಂತು, ಹೋಳು ಯಾಕೆ ಮುದುಡಿತು, ಉಪ್ಪು ಒಳಗೆ ಹೋಗುವುದಕ್ಕಿಂತ ಮೊದಲು ನೀರು ಯಾಕೆ ಹೊರಗೆ ಬರುತ್ತದೆ ಅಂತ ಕನ್ನಡದಲ್ಲೇ ಅರ್ಧ ಗಂಟೆ ಮಾತಾಡಿದೆವು. ಲ್ಯಾಬಿನಲ್ಲಿ ರಿಯೋ ಗಿಡದ ಎಲೆಯ ನೇರಳೆ ಸಿಪ್ಪೆ ತೆಗೆದು ಉಪ್ಪು ನೀರು ಬಿಟ್ಟು ನೋಡಿದಾಗ, ಬಣ್ಣದ ಭಾಗ ಗೋಡೆ ಬಿಟ್ಟು ಒಳಗೆ ಸರಿದಿತ್ತು. "ಇದು ನಮ್ಮಜ್ಜಿ ಜಾಡಿ" ಅಂದೆ. ಎಲ್ಲರೂ ನಕ್ಕರು. ಆಮೇಲೆ ಅದನ್ನು ಯಾರೂ ಮರೆಯಲಿಲ್ಲ.

ಕೊನೆಯ ಹದಿನೈದು ನಿಮಿಷ ಮಾತ್ರ ಇಂಗ್ಲಿಷ್. ಮಾತಾಡಿದ್ದನ್ನೇ ನಾಲ್ಕೇ ವಾಕ್ಯದಲ್ಲಿ ಬರೆಯುವುದು, ಪಕ್ಕದವರಿಗೆ ಕೊಟ್ಟು ಓದಿಸುವುದು. ಇಂಗ್ಲಿಷ್ ಮೀಡಿಯಂನವರೂ ಇಲ್ಲಿ ತಡವರಿಸುತ್ತಾರೆ. ಅದನ್ನು ನೋಡಿದ್ದೇ ನನಗೆ ಅರ್ಧ ಧೈರ್ಯ ಬಂತು.

ಇನ್ನೊಂದು ವಿಷಯ. ಶಾಲೆಯಲ್ಲಿ ಕಲಿತ ಕನ್ನಡ ಪದಗಳನ್ನು ಬಿಸಾಡಬೇಡಿ. ಪತ್ರಹರಿತ್ತು ಅಂದರೆ ಎಲೆಯ ಹಸಿರು. ಕ್ಲೋರೋಫಿಲ್ ಅಂದರೂ ಗ್ರೀಕ್‌ನಲ್ಲಿ ಹಸಿರು ಮತ್ತು ಎಲೆ, ಅಷ್ಟೇ. ನಮ್ಮ ಬಾಕಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇಂಥ ಪಟ್ಟಿ ಇತ್ತು. ಕಿಣ್ವ, ಎನ್‌ಝೈಮ್. ಅಂಗಾಂಶ, ಟಿಶ್ಯೂ. ಲೈಸಿಸ್ ಅಂದರೆ ಬಿಡಿಸುವುದು, ಒಡೆಯುವುದು. ಇದು ಗೊತ್ತಾದ ಮೇಲೆ ಗ್ಲೈಕೋಲೈಸಿಸ್, ಹೈಡ್ರಾಲಿಸಿಸ್ ಎಲ್ಲ ಒಂದೇ ಮನೆಯವರು. ಈ ಪಟ್ಟಿಯನ್ನು ಪಟ್ಟಣದ ಹುಡುಗರೇ ಜಾಸ್ತಿ ಫೋಟೋ ತೆಗೆದುಕೊಂಡರು.

ನೀಟ್‌ನಲ್ಲಿ ಸೀಟು ಸಿಗಲಿಲ್ಲ, ಮತ್ತೆ ಬರೀತೀನಿ. ಗುಂಪು ನನಗೆ ಟೈಮ್ ವೇಸ್ಟ್ ಅಲ್ವಾ?

ನಿಮ್ಮಿಷ್ಟ. ಮನಸ್ಸಿಲ್ಲದೆ ಕೂರುವುದು ನಿಮಗೂ ಬೇಡ, ನಮಗೂ ಬೇಡ. ಆದರೆ ಒಂದು ಮಾತು. ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು ಹಾಕಿ ಎರಡು ವರ್ಷ ಅಭ್ಯಾಸವಾದವರಿಗೆ "ಯಾಕೆ?" ಅಂದರೆ ಮಾತು ನಿಲ್ಲುತ್ತದೆ. ನಾವು ಅವರ ಪ್ರಶ್ನೆಗಳನ್ನೇ ತಿರುಗಿಸಿ ಬಳಸುತ್ತೇವೆ. ಸರಿಯುತ್ತರ ಮೊದಲೇ ಹೇಳಿಬಿಡುತ್ತೇವೆ, ಉಳಿದ ಮೂರು ಯಾಕೆ ತಪ್ಪು ಅಂತ ಅವರು ಹೇಳಬೇಕು. ಇದರಲ್ಲಿ ಅವರೇ ಎಲ್ಲರಿಗಿಂತ ಮುಂದೆ. ಸೀಟು ಸಿಗದ ಬೇಜಾರಿನಲ್ಲಿ ಮೊದಲ ತಿಂಗಳು ಯಾರೊಂದಿಗೂ ಮಾತಾಡದ ಹುಡುಗನೊಬ್ಬ ಈ ಆಟಕ್ಕಾಗಿಯೇ ಬರಲು ಶುರು ಮಾಡಿದ.

ಎಲ್ಲಿ ಸೇರುವುದು?

ಬೋರ್ಡ್ ಇರುವ ಖಾಲಿ ಕ್ಲಾಸ್‌ರೂಮ್ ಸಿಕ್ಕರೆ ಬೇರೇನೂ ನೋಡಬೇಡಿ. ಎಚ್‌ಓಡಿಗೆ ಒಂದು ಲೆಟರ್ ಬರೆದುಕೊಡಿ. ಅಟೆಂಡರ್ ಅಣ್ಣನಿಗೆ ಎಷ್ಟು ಹೊತ್ತಿಗೆ ಬೀಗ ಹಾಕಬೇಕು ಅಂತ ಕೇಳಿ, ಅದಕ್ಕಿಂತ ಐದು ನಿಮಿಷ ಮೊದಲೇ ಹೊರಡಿ. ಲೆಟರ್‌ಗಿಂತ ಈ ಐದು ನಿಮಿಷವೇ ರೂಮ್ ಉಳಿಸುತ್ತದೆ.

ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿಯ ಒಳಗೆ ಮಾತಾಡುವ ಹಾಗಿಲ್ಲ. ಹೊರಗೆ ಮರದ ಕೆಳಗೆ ಕೂರಬಹುದು. ಲಾಲ್‌ಬಾಗ್ 240 ಎಕರೆ, ಮರಗಳಿಗೆ ಹೆಸರಿನ ಫಲಕ ಇದೆ, ಬಾಟನಿಗೆ ಅದಕ್ಕಿಂತ ಒಳ್ಳೆ ಕ್ಲಾಸ್ ಇಲ್ಲ. ಆದರೆ ಆಗಸ್ಟ್ ಮತ್ತು ಜನವರಿಯ ಫ್ಲವರ್ ಶೋ ದಿನಗಳಲ್ಲಿ ಆ ಕಡೆ ತಲೆ ಹಾಕಬೇಡಿ. ದರ್ಶಿನಿಯಲ್ಲಿ ನಿಂತೇ ತಿನ್ನಬೇಕು, ಓದುವುದು ದೂರದ ಮಾತು. ಪಿಜಿ ರೂಮಿನಲ್ಲಿ ಸೇರಿದರೆ ಓನರ್ ಆಂಟಿಗೆ ವಿವರಣೆ ಕೊಡುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ವಿಡಿಯೋ ಕಾಲ್ ಮಳೆ ಬಂದ ದಿನಕ್ಕೆ ಸರಿ. ಅದರಲ್ಲಿ ಮೌನವಾಗಿ ಯೋಚಿಸುತ್ತಿರುವವರು ಯಾರು, ಮಲಗಿರುವವರು ಯಾರು ಅಂತ ಗೊತ್ತಾಗುವುದಿಲ್ಲ.

ಯಾವಾಗ?

ಎಲ್ಲರಿಗೂ ಹೊಂದುವ ಹೊತ್ತು ಅಂತ ಬೆಂಗಳೂರಿನಲ್ಲಿ ಇಲ್ಲ. ನೆಲಮಂಗಲ, ಹೊಸಕೋಟೆ, ಆನೇಕಲ್ ಕಡೆಯಿಂದ ದಿನಾ ಬಂದು ಹೋಗುವವರಿರುತ್ತಾರೆ. ಹಾಸ್ಟೆಲ್ ಗೇಟ್ ಇರುತ್ತದೆ. ಸಂಜೆ ಪಾರ್ಟ್‌ಟೈಮ್ ಕೆಲಸಕ್ಕೆ ಹೋಗುವವರಿರುತ್ತಾರೆ. 2023ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಹುಡುಗಿಯರಿಗೆ ಬಸ್ ಉಚಿತ, ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕಳೆಯುವ ಹೊತ್ತನ್ನು ಯಾರೂ ವಾಪಸ್ ಕೊಡುವುದಿಲ್ಲ. ನಮಗೆ ಸರಿಹೋದದ್ದು ಶನಿವಾರ, ಕ್ಲಾಸ್ ಮುಗಿದ ಕೂಡಲೇ. ಮನೆಗೆ ಹೋಗಿ ಮತ್ತೆ ಬರುತ್ತೇನೆ ಅಂದವರು ಬರುವುದಿಲ್ಲ. ದಿನ ಬದಲಾಯಿಸುತ್ತಾ ಹೋಗಬೇಡಿ. ಇಬ್ಬರೇ ಬಂದರೂ ಆ ಶನಿವಾರ ನಡೆಸಿ.

ಯಾವ ಪಾಠ ಗುಂಪಿನಲ್ಲಿ ಓದಬೇಕು, ಯಾವುದು ಒಬ್ಬರೇ?

ಹೆಸರಿನ ಪಟ್ಟಿಗಳನ್ನು ಮನೆಯಲ್ಲಿ ಓದಿ. ಫೈಲಮ್‌ಗಳ ಲಕ್ಷಣ, ಆಲ್ಗೆಗಳ ವರ್ಗ, ಉದಾಹರಣೆಗಳು, ಇದನ್ನೆಲ್ಲ ಏಳು ಜನ ಸೇರಿ ಪಠಣ ಮಾಡಿದರೆ ಭಜನೆ ಆಗುತ್ತದೆ. ಗುಂಪಿಗೆ ತರಬೇಕಾಗಿರುವುದು "ಹೇಗೆ", "ಯಾಕೆ", "ಹಾಗಾದ್ರೆ ಏನಾಗುತ್ತೆ" ಅಂತ ಕೇಳಬಹುದಾದ ಪಾಠ. ಕೋಶ ವಿಭಜನೆ, ಜೆನೆಟಿಕ್ಸ್ ಲೆಕ್ಕ, ಮೆಂಬ್ರೇನ್ ಸಾಗಣೆ, ಉಸಿರಾಟ, ದ್ಯುತಿಸಂಶ್ಲೇಷಣೆ.

ನಮ್ಮ ಗುಂಪಿನ ಅತ್ಯುತ್ತಮ ಜಗಳ ರಾಗಿಯದು. ರಾಗಿ ಸಿ4 ಸಸ್ಯ, ಭತ್ತ ಸಿ3, ಅಂದರೆ ದ್ಯುತಿಸಂಶ್ಲೇಷಣೆಯಲ್ಲಿ ಇಂಗಾಲ ಹಿಡಿಯುವ ಎರಡು ಬಗೆ. ಪುಸ್ತಕದಲ್ಲಿ ಇದು ಒಂದು ಕೋಷ್ಟಕ. ತುಮಕೂರು ಕಡೆಯ ಹುಡುಗಿ ಎದ್ದು, "ಅದಕ್ಕೇ ನಮ್ಮ ಕಡೆ ಮಳೆ ಕೈಕೊಟ್ರೂ ರಾಗಿ ತಡ್ಕೊಳುತ್ತೆ" ಅಂದಳು. ಸಿ4 ಸಸ್ಯದ ಕಿಣ್ವ ಇಂಗಾಲದ ಡೈಆಕ್ಸೈಡನ್ನು ಬಿಗಿಯಾಗಿ ಹಿಡಿಯುತ್ತದೆ, ಹಾಗಾಗಿ ಎಲೆಯ ರಂಧ್ರ ಅಗಲವಾಗಿ ತೆರೆದಿರಬೇಕಿಲ್ಲ, ನೀರು ಕಡಿಮೆ ಹೋಗುತ್ತದೆ ಅಂತ ಚೆನ್ನಾಗಿಯೇ ವಿವರಿಸಿದಳು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆಗ ಮಂಡ್ಯದ ಹುಡುಗ, "ಕಬ್ಬೂ ಸಿ4 ಅಲ್ವಾ? ಅದಕ್ಕೆ ಯಾಕೆ ನಾಲೆ ನೀರೇ ಬೇಕು?" ಅಂದ.

ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನಿಧಾನಕ್ಕೆ ದಾರಿ ಕಂಡಿತು. ಸಿ4 ಹೇಳುವುದು ಒಂದು ಗ್ರಾಂ ಇಂಗಾಲ ಹಿಡಿಯಲು ಎಷ್ಟು ನೀರು ಅಂತ. ಕಬ್ಬು ವರ್ಷದ ಬೆಳೆ, ಆಳೆತ್ತರ ಮೀರಿ ಬೆಳೆಯುತ್ತದೆ, ಒಟ್ಟು ಹಿಡಿಯುವ ಇಂಗಾಲವೇ ರಾಶಿ. ಹಾಗಾಗಿ ಒಟ್ಟು ನೀರೂ ರಾಶಿ. ರಾಗಿ ಕೆಲವೇ ತಿಂಗಳಲ್ಲಿ ಕೊಯ್ಲಿಗೆ ಬರುವ ಗಿಡ್ಡ ಬೆಳೆ. ಬರ ತಡೆಯಲು ಅದಕ್ಕೆ ಬೇರೆ ಗುಣಗಳೂ ಇವೆ, ಎಲ್ಲ ಕೀರ್ತಿ ಸಿ4ಗೇ ಕೊಡುವ ಹಾಗಿಲ್ಲ. ಕೋಷ್ಟಕ ಬಾಯಿಪಾಠ ಮಾಡಿದ್ದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ನನ್ನ ಫ್ರೆಂಡ್ ಬೇರೆ ಕಾಲೇಜು. ಅವಳೂ ಬರಬಹುದಾ?

ಬರಬಹುದು, ಆದರೆ ಮೊದಲು ಸಿಲಬಸ್ ಪಕ್ಕಪಕ್ಕ ಇಟ್ಟು ನೋಡಿ. ಬೆಂಗಳೂರು ವಿವಿ, ನಗರ ವಿವಿ, ಉತ್ತರ ವಿವಿ, ಅಟಾನಮಸ್ ಕಾಲೇಜುಗಳು, ಎಲ್ಲರದೂ ಒಂದೊಂದು ಕ್ರಮ. ಅವರದು ಸೆಲ್ ಬಯಾಲಜಿ ಮೊದಲ ಸೆಮ್‌ನಲ್ಲಿದ್ದರೆ ನಿಮ್ಮದು ಎರಡನೆಯದರಲ್ಲಿರಬಹುದು. ಸೀನಿಯರ್ ನೋಟ್ಸ್ ಮೇಲೂ ಕಣ್ಣುಮುಚ್ಚಿ ನಂಬಿಕೆ ಇಡಬೇಡಿ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮ ಬಂತು, 2024ರಲ್ಲಿ ರಾಜ್ಯ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ನಮ್ಮ ಪೇಪರ್‌ಗಳ ಹೆಸರೇ ನಿಮಗಿಲ್ಲ.

ರೆಕಾರ್ಡ್ ಬರೆಯುವುದಕ್ಕೆ ಸೇರಬಹುದಾ?

ಬೇಡ. ಒಬ್ಬರ ರೆಕಾರ್ಡ್ ನೋಡಿ ಆರು ಜನ ಚಿತ್ರ ಬಿಡಿಸಿದರೆ ಒಬ್ಬರ ತಪ್ಪು ಆರು ರೆಕಾರ್ಡ್‌ಗೆ ಹೋಗುತ್ತದೆ. ಸೈನ್ ಮಾಡುವ ಸರ್‌ಗೆ ಅದು ಮೊದಲ ನೋಟಕ್ಕೇ ಕಾಣುತ್ತದೆ.

ಒಬ್ಬನೇ ಮಾತಾಡ್ತಾನೆ. ಇನ್ನೊಬ್ಬಳು ಬಾಯೇ ಬಿಡಲ್ಲ. ಏನು ಮಾಡೋದು?

ಮಾತಾಡುವವನ ಕೈಗೆ ಚಾಕ್ ಕೊಡಿ. ಬರೆಯುವುದು ಅವನ ಕೆಲಸ, ಆದರೆ ಬೇರೆಯವರು ಹೇಳಿದ್ದನ್ನು ಮಾತ್ರ ಬರೆಯಬೇಕು. ಪಾಪ, ಹತ್ತು ನಿಮಿಷ ಒದ್ದಾಡುತ್ತಾನೆ, ಆಮೇಲೆ ಕೇಳಿಸಿಕೊಳ್ಳಲು ಕಲಿಯುತ್ತಾನೆ. ಬಾಯಿ ಬಿಡದವರನ್ನು ಹೆಸರು ಹಿಡಿದು ಕರೆಯಬೇಡಿ, ಇನ್ನಷ್ಟು ಮುದುಡುತ್ತಾರೆ. ಮೊದಲು ಎಲ್ಲರೂ ಎರಡು ನಿಮಿಷ ಚೀಟಿಯಲ್ಲಿ ಉತ್ತರ ಬರೆಯಲಿ, ಆಮೇಲೆ ಇಬ್ಬಿಬ್ಬರೇ ಮಾತಾಡಲಿ, ಕೊನೆಗೆ ಎಲ್ಲರೂ. ಕೈಯಲ್ಲಿ ಚೀಟಿ ಇದ್ದರೆ ಓದಿಯಾದರೂ ಹೇಳುತ್ತಾರೆ. ಬಾಯಿ ಬಿಟ್ಟು ಹೇಳುವವರೆಗೂ ನಮಗೆ ಎಲ್ಲ ಗೊತ್ತಿದೆ ಅಂತಲೇ ಅನಿಸುತ್ತಿರುತ್ತದೆ. ವಾಕ್ಯದ ಮಧ್ಯೆ ಸಿಕ್ಕಿಕೊಂಡಾಗ ತಾನೇ ಎಲ್ಲಿ ಗೊತ್ತಿಲ್ಲ ಅನ್ನುವುದು ಗೊತ್ತಾಗುವುದು. ಗುಂಪು ಇರುವುದೇ ಅದಕ್ಕೆ.

ಲೀಡರೇ ತಪ್ಪು ಹೇಳಿಬಿಟ್ಟರೆ?

ಹೇಳಿದ್ದೇನೆ. ಡಾಮಿನಂಟ್ ಅಂದರೆ ಜಾಸ್ತಿ ಜನರಲ್ಲಿ ಕಾಣುವ ಗುಣ ಅಂತ ಮಾತಿನ ಭರದಲ್ಲಿ ಅಂದುಬಿಟ್ಟೆ. ಅದೇ ವಾರ ಬ್ಲಡ್ ಗ್ರೂಪ್ ಪ್ರಾಕ್ಟಿಕಲ್ ಇತ್ತು. ಮುಂದಿನ ಶನಿವಾರ ಒಬ್ಬಳು ಬಂದು ಕೂತವಳೇ, "ಅಕ್ಕಾ, ಓ ಗ್ರೂಪ್ ರೆಸೆಸಿವ್ ಅಲ್ವಾ? ನಮ್ಮಲ್ಲೇ ಮೂರು ಜನ ಓ ಪಾಸಿಟಿವ್ ಇದ್ದೀವಿ" ಅಂದಳು. ಇನ್ನೊಬ್ಬ, ಆರು ಬೆರಳು ಸಾಮಾನ್ಯವಾಗಿ ಡಾಮಿನಂಟ್ ಆಗಿ ಬರುತ್ತದೆ, ಆದರೆ ಊರಿಗೊಬ್ಬರಿಗೂ ಇರುವುದಿಲ್ಲ ಅಂದ. ಡಾಮಿನಂಟ್ ಅನ್ನುವುದು ಒಂದೇ ಜೋಡಿಯಲ್ಲಿ ಎರಡು ಬೇರೆ ಅಲೀಲ್ (ಒಂದೇ ಜೀನಿನ ಬೇರೆ ರೂಪಗಳು) ಕೂಡಿದಾಗ ಯಾವುದು ಕಾಣುತ್ತದೆ ಅನ್ನುವ ಮಾತು, ಊರಲ್ಲಿ ಯಾವುದು ಜಾಸ್ತಿ ಅನ್ನುವ ಮಾತಲ್ಲ. "ನಾನು ತಪ್ಪು ಹೇಳಿದ್ದೆ, ಅಳಿಸಿಕೊಳ್ಳಿ" ಅಂದೆ. ಕಿವಿ ಬಿಸಿಯಾಯಿತು, ನಿಜ. ಆದರೆ ಆ ದಿನದಿಂದ ಅವರು ನನ್ನ ಮಾತನ್ನೂ ಪ್ರಶ್ನೆ ಮಾಡತೊಡಗಿದರು.

ಲೀಡರ್ ಆಗಲು ಎಷ್ಟು ಮಾರ್ಕ್ಸ್ ಬೇಕು?

ಪಾಸಾಗಿರಬೇಕು, ವಿಷಯ ಅರ್ಥವಾಗಿರಬೇಕು. ರ‍್ಯಾಂಕ್ ಬೇಕಿಲ್ಲ. ಮೊದಲ ಸೆಮ್‌ನಲ್ಲಿ ಎಡವಿ ಆಮೇಲೆ ಎದ್ದವರು ಒಳ್ಳೆಯ ಲೀಡರ್ ಆಗುತ್ತಾರೆ, ಎಲ್ಲಿ ಕಾಲು ಜಾರುತ್ತದೆ ಅಂತ ಅವರಿಗೆ ನೆನಪಿರುತ್ತದೆ. ದುಡ್ಡು ಯಾರೂ ಕೊಡುವುದಿಲ್ಲ, ತೆಗೆದುಕೊಳ್ಳಲೂಬೇಡಿ. ಬೈಟು ಕಾಫಿ ಕೊಡಿಸಿದರೆ ಕುಡಿಯಿರಿ.

ಇದರಿಂದ ನಿಜವಾಗಿ ಮಾರ್ಕ್ಸ್ ಬರುತ್ತಾ?

ನಮ್ಮ ಗುಂಪಿನ ಲೆಕ್ಕ ಹೇಳಿದರೆ ನೀವು ನಂಬಬಾರದು. ಏಳು ಜನರ ಮೇಲೆ ಏನು ಹೇಳಲಾಗುತ್ತದೆ? ದೊಡ್ಡ ಲೆಕ್ಕ ಒಂದಿದೆ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಪಾಠಗಳ ಬಗ್ಗೆ ನಡೆದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದರು. ಬರೀ ಲೆಕ್ಚರ್ ಕೇಳಿದ ಕ್ಲಾಸ್‌ಗಳಲ್ಲಿ ಸರಾಸರಿ ನೂರಕ್ಕೆ 34 ಜನ ಫೇಲ್. ವಿದ್ಯಾರ್ಥಿಗಳೇ ಮಾತಾಡಿ, ಬಿಡಿಸಿ ಕಲಿತ ಕ್ಲಾಸ್‌ಗಳಲ್ಲಿ 22. ಇದರಲ್ಲಿ ನಮ್ಮಂಥ ಗುಂಪುಗಳ ಜೊತೆ ಬೇರೆ ವಿಧಾನಗಳೂ ಸೇರಿವೆ, ಹಾಗಾಗಿ ಪೂರ್ತಿ ನಮ್ಮ ಖಾತೆಗೆ ಬರೆದುಕೊಳ್ಳುವುದಿಲ್ಲ.

ಪರೀಕ್ಷೆ ಹತ್ತಿರ ಬಂದಾಗಲೂ ಹೀಗೇ ಮಾತಾಡುತ್ತಾ ಕೂರಬೇಕಾ?

ಇಲ್ಲ, ಆಗ ಬಗೆ ಬದಲಾಗುತ್ತದೆ. ನೋಟ್ಸ್ ಮುಚ್ಚಿ ಖಾಲಿ ಹಾಳೆ ತೆಗೆಯುವುದು. ಮೈಟೋಕಾಂಡ್ರಿಯಾ ಬಿಡಿಸಿ, ಯಾವ ಕ್ರಿಯೆ ಎಲ್ಲಿ ನಡೆಯುತ್ತದೆ ಅಂತ ಗುರುತಿಸಿ. ಹತ್ತು ನಿಮಿಷ ಆದಮೇಲೆ ಪುಸ್ತಕ ತೆರೆದು ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿ. ಎರಡನೇ ಬಣ್ಣ ಎಷ್ಟಿದೆಯೋ ಅಷ್ಟು ಓದುವುದು ಬಾಕಿ. 2006ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಅಳೆದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರು ಮುಂದೆ. ವಾರ ಬಿಟ್ಟು ಕೇಳಿದರೆ ನೆನಪಿನಿಂದ ಬರೆದು ನೋಡಿದವರು ಮುಂದೆ. ಹಾಲ್ ಬಾಗಿಲಲ್ಲಿ ನಿಂತು ಪುಟ ತಿರುಗಿಸುವವರಿಗೆ ಎಲ್ಲ ಗೊತ್ತಿದೆ ಅನಿಸುವುದು ಇದಕ್ಕೇ.

ವಾಟ್ಸ್ಯಾಪ್ ಗ್ರೂಪ್ ಸಾಕಾಗಲ್ವಾ? ಎಐ ಕೇಳಿದರೆ?

ವಾಟ್ಸ್ಯಾಪ್ ಜಾಗ, ಟೈಮ್ ಹೇಳಲು ಸಾಕು. ಎಐ ಕೇಳಬಹುದು, ನೀವು ನಿಮ್ಮ ಉತ್ತರ ಹೇಳಿದ ಮೇಲೆ. ಮೊದಲೇ ಕೇಳಿದರೆ ಅದು ಬೇಗ ಉತ್ತರ ಹೇಳುವ ಸೀನಿಯರ್ ಇದ್ದ ಹಾಗೆ, ಅಂಥವರು ಬೇಡ ಅಂತ ತಾನೇ ಇಷ್ಟು ಹೊತ್ತು ಹೇಳಿದ್ದು.

ಮೊದಲ ದಿನ ಏನು ಮಾಡಬೇಕು?

ನಿಯಮ, ಪರಿಚಯ ಅಂತ ಕಾಲ ಕಳೆಯಬೇಡಿ. ಹೊರಗೆ ಹೋಗಿ. ನಾವು ಕಬ್ಬನ್ ಪಾರ್ಕಿನ ಒಂದು ದೊಡ್ಡ ಮಳೆಮರದ ಕೆಳಗೆ ಕೂರುತ್ತಿದ್ದೆವು. ಪ್ರಶ್ನೆ ಒಂದೇ: ಇಷ್ಟು ದೊಡ್ಡ ಮರದ ತೂಕ ಎಲ್ಲಿಂದ ಬಂತು? ನೀರು ಬಿಟ್ಟು ಒಣಗಿದ ಮರದ ತೂಕ.

ಪಿಯುಸಿಯಲ್ಲಿ ದ್ಯುತಿಸಂಶ್ಲೇಷಣೆಯ ಸಮೀಕರಣ ಬರೆದು ಮಾರ್ಕ್ಸ್ ತೆಗೆದವರಲ್ಲೂ ಹೆಚ್ಚಿನವರು "ಮಣ್ಣಿಂದ" ಅನ್ನುತ್ತಾರೆ. ಆಗ ವಾನ್ ಹೆಲ್ಮಾಂಟ್ ಅನ್ನುವ ಹಳೇ ಕಾಲದ ವಿಜ್ಞಾನಿಯ ಕಥೆ ಹೇಳಿ. ಒಣ ಮಣ್ಣು ಸುಮಾರು 90 ಕೆಜಿ ತೂಗಿ ತೊಟ್ಟಿಗೆ ಹಾಕಿ, ವಿಲ್ಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಗಿಡ 74 ಕೆಜಿಯಷ್ಟು ಹೆಚ್ಚಾಯಿತು, ಮಣ್ಣು ಕಡಿಮೆಯಾಗಿದ್ದು 60 ಗ್ರಾಂ ಕೂಡ ಇಲ್ಲ. ಎಲ್ಲ ನೀರಿನಿಂದಲೇ ಬಂತು ಅಂತ ಅವನು ತೀರ್ಮಾನಿಸಿದ. ಅವನು ಸತ್ತ ಮೇಲೆ 1648ರಲ್ಲಿ ಇದು ಪ್ರಕಟವಾಯಿತು. ತಮಾಷೆ ಅಂದರೆ 'ಗ್ಯಾಸ್' ಅನ್ನುವ ಪದ ಕೊಟ್ಟವನೇ ಅವನು. ಇದ್ದಿಲು ಸುಟ್ಟಾಗ ಹೊರಡುವ ಗ್ಯಾಸ್ (ನಾವು ಈಗ ಇಂಗಾಲದ ಡೈಆಕ್ಸೈಡ್ ಅನ್ನುವುದು) ಬಗ್ಗೆ ಬರೆದವನಿಗೆ ಅದೇ ಗ್ಯಾಸ್ ಮರದೊಳಗೆ ಹೋಗಿ ಕೂತಿದೆ ಅಂತ ಹೊಳೆಯಲಿಲ್ಲ.

ಕಥೆ ಹೇಳಿ ಸುಮ್ಮನಾಗಿ. ಅವನ ತಪ್ಪು ಎಲ್ಲಿ ಅಂತ ಅವರು ಹುಡುಕಲಿ. ಅರ್ಧ ಗಂಟೆ ಆಗಬಹುದು. ಆಮೇಲೆ ಮುಂದಿನ ಶನಿವಾರ ಚಾಕ್ ಯಾರು ತರುತ್ತಾರೆ, ಬಾಕಿ ಪುಸ್ತಕ ಯಾರ ಬ್ಯಾಗಿನಲ್ಲಿರುತ್ತದೆ ಅಂತ ಮಾತಾಡಿಕೊಂಡು ಬಸ್ಸಿಗೆ ಹೊರಡಿ.